ಕೊಳದ ಬಳಿ ಮಲಗಿದ್ದವನಿಗೆ ನಂಬಿಕೆ ಇತ್ತೇ?

ಪ್ರಶ್ನೆ: ನನಗೆ 11 ವರ್ಷಗಳಿಂದ ಸೊಂಟದ ಕೆಳಗೆ ಬಲವಿಲ್ಲ. ಪ್ರಾರ್ಥನೆ ಮಾಡದ ದಿನವಿಲ್ಲ. ಮನೆಗೆ ಬಂದು ಪ್ರಾರ್ಥಿಸುವವರು, "ನಿಮ್ಮ ನಂಬಿಕೆ ಸಾಲದು, ಅದಕ್ಕೇ ಗುಣವಾಗಿಲ್ಲ" ಅನ್ನುತ್ತಾರೆ. ಯೋಹಾನನ ಸುವಾರ್ತೆಯಲ್ಲಿ 38 ವರ್ಷ ರೋಗದಿಂದ ಮಲಗಿದ್ದವನು ಒಂದೇ ಮಾತಿಗೆ ಎದ್ದು ನಡೆದನಲ್ಲ, ಅವನ ನಂಬಿಕೆ ಅಷ್ಟು ದೊಡ್ಡದಿತ್ತೇ? ನನ್ನದು ಅಷ್ಟು ಚಿಕ್ಕದೇ? (ಹೆಸರು ಬೇಡ)

ಉತ್ತರ: ನಿಮ್ಮ ಪತ್ರ ಓದಿ ನನ್ನ ತಂಗಿಯ ನೆನಪಾಯಿತು. ಅವಳ ವಿಷಯ ಆಮೇಲೆ ಹೇಳುತ್ತೇನೆ. ಮೊದಲು ಯೋಹಾನ 5ನೇ ಅಧ್ಯಾಯವನ್ನು ಇನ್ನೊಂದು ಸಲ ನಿಧಾನವಾಗಿ ಓದಿ. ಆ ಮನುಷ್ಯನ ನಂಬಿಕೆಯ ಬಗ್ಗೆ ಒಂದು ಮಾತಾದರೂ ಸಿಗುತ್ತದಾ ನೋಡಿ. ನಾನು ಎಷ್ಟೋ ಸಲ ಹುಡುಕಿದ್ದೇನೆ. ಇಲ್ಲ.

ಯೆರೂಸಲೇಮಿನ ಕುರಿ ಬಾಗಿಲ ಹತ್ತಿರ ಒಂದು ಕೊಳ. ಕೆಲವು ಬೈಬಲ್‌ಗಳಲ್ಲಿ ಬೇತ್ಸಥಾ, ಕೆಲವದರಲ್ಲಿ ಬೆಥೆಸ್ದಾ ಎಂದಿರುತ್ತದೆ. ಅದಕ್ಕೆ ಐದು ಮಂಟಪ. ಕುರುಡರು, ಕುಂಟರು, ಕೈಕಾಲು ಸೊರಗಿದವರು ಅಲ್ಲಿ ಗುಂಪು ಗುಂಪಾಗಿ ಬಿದ್ದುಕೊಂಡಿದ್ದರು. ನೀರು ಕದಲಿದಾಗ ಮೊದಲು ಇಳಿದವರಿಗೆ ಗುಣ ಎಂದು ಜನ ನಂಬಿದ್ದರು. (ದೇವದೂತ ಬಂದು ನೀರು ಕದಡುವ ಮಾತು ತುಂಬ ಹಳೆಯ ಹಸ್ತಪ್ರತಿಗಳಲ್ಲಿ ಇಲ್ಲ. ಹಾಗಾಗಿ ಕೆಲವು ಬೈಬಲ್‌ಗಳಲ್ಲಿ 4ನೇ ವಚನ ಅಡಿಟಿಪ್ಪಣಿಗೆ ಹೋಗಿದೆ.) ಮೊದಲು ಇಳಿದವರಿಗೆ ಮಾತ್ರ! ಅಂದರೆ ಓಡಬಲ್ಲವನಿಗೇ ಗುಣ. ಏಳಲಾಗದವನು ಅಲ್ಲಿ ಮಲಗಿ ವರ್ಷಗಟ್ಟಲೆ ಬೇರೆಯವರ ಬೆನ್ನು ನೋಡುತ್ತಿರಬೇಕು.

ಯೇಸುಸ್ವಾಮಿ ಅವನನ್ನು ಕಂಡು, "ಗುಣವಾಗಬೇಕು ಅಂತ ಮನಸ್ಸಿದೆಯಾ?" ಎಂದು ಕೇಳಿದರು. ಹೌದು ಅನ್ನಬೇಕಿತ್ತು ಅಲ್ವಾ? ಅವನು ಹೌದು ಅನ್ನಲಿಲ್ಲ. ನನ್ನನ್ನು ನೀರಿಗೆ ಇಳಿಸುವವರು ಯಾರೂ ಇಲ್ಲ, ನಾನು ಹೋಗುವಷ್ಟರಲ್ಲಿ ಇನ್ನೊಬ್ಬ ಇಳಿದಿರುತ್ತಾನೆ ಎಂದು ತನ್ನ ಕಷ್ಟ ತೋಡಿಕೊಂಡ. ಅವನ ಕಣ್ಣು ಇನ್ನೂ ಆ ನೀರಿನ ಮೇಲೇ ಇತ್ತು. ಎದುರಿಗೆ ನಿಂತವರು ಯಾರು ಅಂತಲೂ ಅವನಿಗೆ ಗೊತ್ತಿರಲಿಲ್ಲ. 13ನೇ ವಚನ ಅದನ್ನು ನೇರವಾಗಿಯೇ ಹೇಳುತ್ತದೆ. ಅವನು ಕರೆಯಲಿಲ್ಲ, ಬೇಡಲಿಲ್ಲ. ಗುಣವಾದ ಮೇಲೆ ಕೃತಜ್ಞತೆ ಹೇಳಿದ್ದೂ ಬರೆದಿಲ್ಲ. ಆದರೂ "ಎದ್ದು ನಿನ್ನ ಹಾಸಿಗೆ ಎತ್ತಿಕೊಂಡು ನಡೆ" ಎಂಬ ಮಾತು ಅವನಿಗೇ ಬಂತು.

ಹಾಗಾದರೆ ನಂಬಿಕೆ ಬೇಡವೇ ಅಂತ ಕೇಳಬಹುದು. 12 ವರ್ಷ ರಕ್ತಸ್ರಾವದಿಂದ ನರಳಿದ ಹೆಂಗಸಿಗೆ "ನಿನ್ನ ನಂಬಿಕೆಯೇ ನಿನ್ನನ್ನು ಸ್ವಸ್ಥಮಾಡಿತು" ಎಂದು ಯೇಸುಸ್ವಾಮಿಯೇ ಹೇಳಿದ್ದಾರೆ. ನಿಜ. ಆದರೆ ಅವಳ ನಂಬಿಕೆ ಎಂಥದ್ದು? ಮುಂದೆ ಬಂದು ಕೇಳುವ ಧೈರ್ಯ ಅವಳಿಗಿರಲಿಲ್ಲ. ಹಿಂದಿನಿಂದ ಬಂದು ಬಟ್ಟೆ ಮುಟ್ಟಿದಳು. ಸಿಕ್ಕಿಬಿದ್ದಾಗ ನಡುಗಿದಳು. ಮಾರ್ಕನ ಸುವಾರ್ತೆಯ 9ನೇ ಅಧ್ಯಾಯದಲ್ಲಿ ಕಾಯಿಲೆಯ ಮಗನಿಗಾಗಿ ಬಂದ ಒಬ್ಬ ತಂದೆ, ನಂಬುತ್ತೇನೆ, ನಂಬಿಕೆ ಸಾಲದ ನನಗೆ ಸಹಾಯ ಮಾಡು ಎಂದು ಒಂದೇ ಉಸಿರಿನಲ್ಲಿ ಎರಡನ್ನೂ ಕೂಗಿದ. ಮೊದಲು ನಂಬಿಕೆ ಸರಿಮಾಡಿಕೊಂಡು ಬಾ ಅಂತ ಅವನನ್ನು ವಾಪಸ್ ಕಳಿಸಲಿಲ್ಲ. ಮಗ ಗುಣವಾದ.

ಮಾರ್ಕ 2 ನನಗೆ ತುಂಬ ಇಷ್ಟ. ಕಪೆರ್ನೌಮಿನಲ್ಲಿ ಲಕ್ವ ಹೊಡೆದವನನ್ನು ನಾಲ್ವರು ಹೊತ್ತು ತಂದರು. ಬಾಗಿಲಲ್ಲಿ ಜನ ತುಂಬಿದ್ದಕ್ಕೆ ಚಾವಣಿ ತೆಗೆದು ಹಾಸಿಗೆಯ ಸಮೇತ ಇಳಿಸಿದರು. ಅಲ್ಲಿ ಯೇಸು "ಅವರ" ನಂಬಿಕೆ ನೋಡಿದರು ಎಂದಿದೆ. ಹೊತ್ತವರನ್ನು ಬಿಟ್ಟು ಆ ಮಾತನ್ನು ಓದಲು ಆಗುವುದೇ ಇಲ್ಲ. ನಿಮ್ಮ ಮನೆಗೆ ಬರುವವರಿಗೆ ಈ ಭಾಗ ಓದಿ ಹೇಳಿ. ನಿಮ್ಮಲ್ಲಿ ನಂಬಿಕೆ ಸಾಲದು ಅನ್ನಿಸಿದರೆ ಅವರು ತಮ್ಮದನ್ನು ತರಲಿ. ನೀವು ಮಲಗಿರುವವರು, ಅವರು ಹೊರಬೇಕಾದವರು.

ಈಗ ತಂಗಿಯ ವಿಷಯ. ಅವಳಿಗೆ ಸಂಧಿವಾತ. ಬೆರಳುಗಳು ಪಕ್ಕಕ್ಕೆ ಬಾಗಿ ಗಂಟು ಕಟ್ಟಿದ್ದವು. ಬಾಚಣಿಗೆ ಹಿಡಿದರೂ ಕೈ ಕಿವಿಯ ತನಕ ಬರುತ್ತಿತ್ತು, ಅದರ ಮೇಲೆ ಏಳುತ್ತಿರಲಿಲ್ಲ. ಹಾಗಾಗಿ ಬೆಳಿಗ್ಗೆ ನಾನೇ ತಲೆ ಬಾಚುತ್ತಿದ್ದೆ. ಒಂಬತ್ತು ವರ್ಷ. ಒಂದು ದಿನ ಕೆಲವರು ಪ್ರಾರ್ಥನೆಗೆ ಬಂದರು. ಅವರಲ್ಲಿ ಒಬ್ಬರು ಯೋಹಾನ 5 ಓದಿ, "ಈಗ ನಂಬಿ ಎದ್ದು ನಿಲ್ಲಮ್ಮ" ಎಂದರು. ಅವಳು ಮಂಚದ ಅಂಚು ಹಿಡಿದು ಎದ್ದಳು. ಎರಡು ಕ್ಷಣ ನಿಂತಳು. ಆಮೇಲೆ ಮೊಣಕಾಲು ಕುಸಿಯಿತು. ನಾನು ಹಿಡಿದುಕೊಂಡೆ. ಅವರು ಹೋದ ಮೇಲೆ ಅವಳು ಗೋಡೆ ಕಡೆ ತಿರುಗಿ ಕೇಳಿದಳು: "ಅಕ್ಕ, ನಂಬಿದ್ದಕ್ಕೇ ಅಲ್ವಾ ಎದ್ದಿದ್ದು? ಇನ್ನೂ ಹೇಗೆ ನಂಬಬೇಕು?"

ನನ್ನ ಬಳಿ ಉತ್ತರವಿರಲಿಲ್ಲ. ಅದಕ್ಕಿಂತ ನೋವಿನ ಮಾತೂ ಹೇಳಬೇಕು. ಅದಕ್ಕೂ ಮೊದಲು ನಾನೇ ಅವಳಿಗೆ "ಇನ್ನೂ ಸ್ವಲ್ಪ ಜಾಸ್ತಿ ನಂಬು" ಅಂದಿದ್ದೆ. ಪ್ರೀತಿಯಿಂದಲೇ ಅಂದಿದ್ದೆ. ಆದರೆ ಅವಳ ನೋವಿನ ಮೇಲೆ ಇನ್ನೊಂದು ಹೊರೆ ಇಟ್ಟಿದ್ದೆ. ಅವಳಲ್ಲಿ ಕ್ಷಮೆ ಕೇಳಿದೆ. ಅವಳು ಕ್ಷಮಿಸಿದಳು. ನಿಮಗೆ ಹಾಗೆ ಹೇಳುವವರೂ ಬಹುಶಃ ಪ್ರೀತಿಯಿಂದಲೇ ಹೇಳುತ್ತಿರಬಹುದು. ಆದರೂ ಆ ಮಾತು ತಪ್ಪು. ಆ ಕೊಳದ ಬಳಿ ಮೊದಲು ಓಡಿದವನಿಗೇ ಗುಣ ಎಂಬ ಲೆಕ್ಕವಿತ್ತಲ್ಲ, ನಾವು ಅದನ್ನೇ ನಂಬಿಕೆಯ ಹೆಸರಿನಲ್ಲಿ ವಾಪಸ್ ತಂದಂತಾಗುತ್ತದೆ.

ಹಾಗಾದರೆ ಈ ಅದ್ಭುತ ನಮಗೆ ಏನು ಹೇಳುತ್ತದೆ? ಯೋಹಾನ ಇಂಥವನ್ನು ಸೂಚಕಕಾರ್ಯ ಎಂದು ಕರೆಯುತ್ತಾನೆ. ಸೂಚನೆ ಬೇರೆ ಏನನ್ನೋ ತೋರಿಸುತ್ತದೆ. 8ನೇ ವಚನದಲ್ಲಿ ಯೇಸು ರೋಗಿಗೆ "ಏಳು" ಅನ್ನುತ್ತಾರೆ. 21ನೇ ವಚನದಲ್ಲಿ ತಂದೆಯು ಸತ್ತವರನ್ನು ಎಬ್ಬಿಸುತ್ತಾನೆ, ಮಗನೂ ಬದುಕಿಸುತ್ತಾನೆ ಅನ್ನುತ್ತಾರೆ. ಮೂಲ ಗ್ರೀಕ್‌ನಲ್ಲಿ ಏಳು, ಎಬ್ಬಿಸು ಎರಡಕ್ಕೂ ಒಂದೇ ಕ್ರಿಯಾಪದ. ಹಾಸಿಗೆಯಿಂದ ಎಬ್ಬಿಸಿದ ಆ ದನಿಯನ್ನೇ ಒಂದು ದಿನ ಸಮಾಧಿಗಳಲ್ಲಿರುವವರೂ ಕೇಳುತ್ತಾರೆ ಎಂದು 28ನೇ ವಚನ ಹೇಳುತ್ತದೆ. ಅಂದು ಎದ್ದು ನಡೆದವನೂ ಮುಂದೆ ಮುದುಕನಾಗಿ ಸತ್ತಿರಬೇಕು. ಅವನ ಕಾಲಿಗೆ ಬಂದ ಬಲ ಒಂದು ಮುಂಗಡದ ಹಾಗೆ. ಪೂರ್ತಿ ಕೊಡುವುದು ಇನ್ನೂ ಬಾಕಿಯಿದೆ.

ಒಂದು ಮಾತು ಮಾತ್ರ ನನ್ನನ್ನು ಇವತ್ತಿಗೂ ಕಾಡುತ್ತದೆ. ಐದು ಮಂಟಪದ ತುಂಬ ರೋಗಿಗಳಿದ್ದರು. ಅಂದು ಎದ್ದವನು ಒಬ್ಬನೇ, ಯೋಹಾನ ಹೇಳುವುದು ಅಷ್ಟೇ. ಉಳಿದವರ ಪಕ್ಕದಲ್ಲೇ ಅವನು ಹಾಸಿಗೆ ಸುತ್ತಿಕೊಂಡು ಹೋಗಿರಬೇಕು. ಯಾಕೆ ಅವನೊಬ್ಬನೇ ಅಂತ ಸುವಾರ್ತೆ ಹೇಳುವುದಿಲ್ಲ. ನಾನೂ ಏನಾದರೂ ಕಾರಣ ಕಟ್ಟಿ ಹೇಳಲಾರೆ. ಅವರಿಗೆ ನಂಬಿಕೆ ಸಾಲದೆ ಹೋಯಿತು ಎಂದು ಮಾತ್ರ ಅಲ್ಲಿ ಬರೆದಿಲ್ಲ.

ತಂಗಿ ಗುಣವಾಗದೆ ತೀರಿಕೊಂಡಳು. ಕೊನೆಯ ಬೆಳಿಗ್ಗೆಯೂ ತಲೆ ಬಾಚಿದೆ. ಅವಳನ್ನು "ಏಳು" ಎಂದು ಕರೆಯುವ ದನಿಯೊಂದಿದೆ ಎಂದು ನಾನು ನಂಬಿದ್ದೇನೆ. ನೀವು ಗುಣಕ್ಕಾಗಿ ಬೇಡುವುದನ್ನು ಬಿಡಬೇಡಿ. ಜೋರಾಗಿ ಬೇಡಿ, ಅತ್ತು ಬೇಡಿ. ಊರೂರಿಗೆ ಸುವಾರ್ತೆ ಸಾರಿದ ಪೌಲನೂ ತನ್ನ ಮೈಯಲ್ಲಿ ನಾಟಿದ್ದ ಶೂಲ ಹೋಗಲಿ ಅಂತ ಮೂರು ಸಲ ಬೇಡಿಕೊಂಡ. ಅದು ಹೋಗಲಿಲ್ಲ. ನನ್ನ ಕೃಪೆಯೇ ನಿನಗೆ ಸಾಕು ಎಂಬ ಉತ್ತರ ಬಂತು. ಪೌಲನಿಗೆ ನಂಬಿಕೆ ಕಡಿಮೆಯಿತ್ತು ಅಂತ ಯಾರಾದರೂ ಹೇಳಿದ್ದು ಕೇಳಿದ್ದೀರಾ?

ಪ್ರಶ್ನೆ: ಅದೇ ಕಥೆಯ 14ನೇ ವಚನದಲ್ಲಿ "ಇನ್ನು ಪಾಪ ಮಾಡಬೇಡ, ಹೆಚ್ಚಿನ ಕೇಡು ಬಂದೀತು" ಎಂದಿದೆ. ಹಾಗಾದರೆ ರೋಗ ಬರುವುದು ಪಾಪದಿಂದಲೇ ಅಲ್ಲವೇ?

ಉತ್ತರ: ಆ ಮಾತು ಯಾವಾಗ ಬಂತು ನೋಡಿ. ಗುಣವಾದ ಮೇಲೆ, ದೇವಾಲಯದಲ್ಲಿ ಅವನನ್ನು ಮತ್ತೆ ಕಂಡಾಗ. ಪಾಪ ಬಿಟ್ಟರೆ ಗುಣಮಾಡುತ್ತೇನೆ ಅಂತ ಕೊಳದ ಬಳಿ ಷರತ್ತು ಹಾಕಲಿಲ್ಲ. ಹೆಚ್ಚಿನ ಕೇಡು ಎಂದರೆ ನನಗೆ ತಿಳಿದ ಮಟ್ಟಿಗೆ ಮತ್ತೊಂದು ರೋಗವಲ್ಲ, ದೇವರಿಂದ ದೂರವಾಗುವುದು. ಅದೇ ಅಧ್ಯಾಯ ಮುಂದೆ ನ್ಯಾಯತೀರ್ಪಿನ ಮಾತಿಗೇ ಹೋಗುತ್ತದೆ.

ಮತ್ತೆ 9ನೇ ಅಧ್ಯಾಯದಲ್ಲಿ ಹುಟ್ಟು ಕುರುಡನನ್ನು ನೋಡಿ ಶಿಷ್ಯರು ನೀವು ಕೇಳಿದ್ದನ್ನೇ ಕೇಳಿದರು. ಪಾಪ ಮಾಡಿದವರು ಯಾರು, ಇವನೋ ಇವನ ತಂದೆತಾಯಿಯೋ? ಇವನೂ ಅಲ್ಲ, ಅವರೂ ಅಲ್ಲ ಎಂದು ಯೇಸು ಹೇಳಿದರು. ಲೂಕ 13ರಲ್ಲಿ ಸಿಲೋವದ ಗೋಪುರ ಬಿದ್ದು ಸತ್ತ 18 ಜನರ ವಿಷಯದಲ್ಲೂ ಅಷ್ಟೇ, ಅವರು ಬೇರೆಯವರಿಗಿಂತ ದೊಡ್ಡ ಪಾಪಿಗಳಲ್ಲ ಎಂದರು. ರೋಗಿಯ ಹಾಸಿಗೆಯ ಪಕ್ಕ ಕೂತು ಅವನ ಪಾಪ ಹುಡುಕುವ ಕೆಲಸ ನಮಗೆ ಯಾರೂ ಕೊಟ್ಟಿಲ್ಲ.

ಪ್ರಶ್ನೆ: ಆ ಕೊಳ ನಿಜವಾಗಿ ಇತ್ತೇ?

ಉತ್ತರ: ಇತ್ತು. ಯೆರೂಸಲೇಮಿನ ಹಳೆಯ ಪಟ್ಟಣದಲ್ಲಿ, ಸಂತ ಅನ್ನಮ್ಮನ ಚರ್ಚಿನ ಪಕ್ಕದಲ್ಲೇ, 19ನೇ ಶತಮಾನದಿಂದ ನಡೆದ ಅಗೆತದಲ್ಲಿ ಸಿಕ್ಕಿದೆ. ಅಕ್ಕಪಕ್ಕ ಎರಡು ದೊಡ್ಡ ಕೊಳ, ನಡುವೆ ಅಡ್ಡಗೋಡೆ. ಸುತ್ತ ನಾಲ್ಕು, ಗೋಡೆಯ ಮೇಲೆ ಒಂದು ಎಂದು ಎಣಿಸಿದರೆ ಐದು ಮಂಟಪದ ಲೆಕ್ಕ ಕೂಡುತ್ತದೆ.

ಪ್ರಶ್ನೆ: ಗುಣವಾಗುತ್ತದೆ ಎಂದು ನಂಬಿದ ಮೇಲೂ ಮಾತ್ರೆ ನುಂಗಿದರೆ ಅದು ಅಪನಂಬಿಕೆಯೇ? ನಾನು ಸಕ್ಕರೆ ಕಾಯಿಲೆಯ ಮಾತ್ರೆ ನಿಲ್ಲಿಸಿ ಎರಡು ವಾರವಾಯಿತು.

ಉತ್ತರ: ಅಲ್ಲ, ಖಂಡಿತ ಅಲ್ಲ. ಆರೋಗ್ಯವಂತರಿಗೆ ವೈದ್ಯ ಬೇಡ, ರೋಗಿಗಳಿಗೆ ಬೇಕು ಎಂದವರು ಯೇಸುಸ್ವಾಮಿಯೇ. ಪೌಲನ ಜೊತೆಗಾರ ಲೂಕ ವೈದ್ಯ. ಇನ್ನೊಬ್ಬ ಜೊತೆಗಾರ ತಿಮೊಥೆಯನಿಗೆ ಹೊಟ್ಟೆ ಸರಿಯಿಲ್ಲದಾಗ ಪೌಲ ಸ್ವಲ್ಪ ದ್ರಾಕ್ಷಾರಸ ತಗೋ ಎಂದು ಬರೆದ, ಮತ್ತೊಬ್ಬ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತ ಪಟ್ಟಣದಲ್ಲಿ ಬಿಟ್ಟು ಬಂದ. ಪ್ರಾರ್ಥನೆ ಮುಂದುವರಿಸಿ. ಆದರೆ ಈ ಪುಟ ಮಡಚಿಟ್ಟು ಈಗಲೇ ನಿಮ್ಮ ವೈದ್ಯರಿಗೆ ಫೋನ್ ಮಾಡಿ, ಎರಡು ವಾರದಿಂದ ಮಾತ್ರೆ ತಗೊಂಡಿಲ್ಲ ಎಂದು ಮುಚ್ಚಿಡದೆ ಹೇಳಿ.