ಗೆಡ್ಡೆ ಅಂಡಾಶಯದಲ್ಲಿ, ಅನುಮಾನ ಅಪೆಂಡಿಕ್ಸ್ ಮೇಲೆ

ಪ್ರಶ್ನೆ: ಅಮ್ಮನಿಗೆ 56 ವರ್ಷ. ಹೊಟ್ಟೆ ಉಬ್ಬುತ್ತಲೇ ಇದೆ. ಸ್ಕ್ಯಾನ್‌ನಲ್ಲಿ ಬಲ ಅಂಡಾಶಯದಲ್ಲಿ ಗೆಡ್ಡೆ, ಹೊಟ್ಟೆ ತುಂಬ ನೀರು ಎಂದು ಬಂದಿದೆ. ಕ್ಯಾನ್ಸರ್‌ನ ಸುಳಿವಿಗಾಗಿ ಮಾಡುವ ರಕ್ತಪರೀಕ್ಷೆಗಳಲ್ಲಿ ಸಿಎ-125 96, ಸಿಇಎ 40. ನೀರು ತೆಗೆಯಲು ಸೂಜಿ ಹಾಕಿದರೆ ಏನೂ ಬರಲಿಲ್ಲ. ಈಗ ಡಾಕ್ಟರ್ ಅಪೆಂಡಿಕ್ಸ್ ಮೇಲೆ ಅನುಮಾನ ಎಂದು ಸಿಟಿ ಸ್ಕ್ಯಾನ್, ಕೊಲೊನೋಸ್ಕೋಪಿ ಬರೆದಿದ್ದಾರೆ. ಅಂಡಾಶಯ ತೆಗೆಯೋದು ಬಿಟ್ಟು ಸುಮ್ನೆ ದಿನ ತಳ್ಳುತ್ತಿದ್ದಾರಾ?
– ಸವಿತಾ, ದಾವಣಗೆರೆ

ಉತ್ತರ: ಇಲ್ಲ ಸವಿತಾ. ನಾನಿದ್ದರೂ ಅದನ್ನೇ ಬರೆಯುತ್ತಿದ್ದೆ.

ಸೂಜಿ ಹಾಕಿದರೂ ನೀರು ಬರಲಿಲ್ಲ ಎಂದಿರಲ್ಲ, ನನಗೆ ಅದೇ ಮುಖ್ಯ ಸುಳಿವು. ಒಳಗಿರೋದು ನೀರಲ್ಲದೆ ಲೋಳೆಸರದ ತಿರುಳಿನಂಥ ದಪ್ಪ ಲೋಳೆ ಇರಬಹುದು. ಅಪೆಂಡಿಕ್ಸ್‌ನಲ್ಲಿ ಲೋಳೆ ಸುರಿಸುವ ಗೆಡ್ಡೆಯೊಂದು ಬೆಳೆಯುತ್ತದೆ. ಅದು ಒಡೆದರೆ ಜೀವಕೋಶಗಳು ಹೊಟ್ಟೆಯೆಲ್ಲ ಹರಡಿ, ಅಂಡಾಶಯದ ಮೇಲೂ ಕೂರುತ್ತವೆ. ಅಪೆಂಡಿಕ್ಸ್ ಸಣ್ಣದಾಗಿಯೇ ಇರುತ್ತದೆ, ಅಂಡಾಶಯ ಊದಿಕೊಳ್ಳುತ್ತದೆ. ಸ್ಕ್ಯಾನ್‌ಗೆ ದೊಡ್ಡದೇ ಮೊದಲು ಕಾಣೋದು ಅಲ್ವಾ? ಇದಕ್ಕೆ ಸ್ಯೂಡೋಮಿಕ್ಸೋಮಾ ಪೆರಿಟೊನೈ ಎನ್ನುತ್ತಾರೆ. ಬಹಳ ಅಪರೂಪ. ಇದು ಅಂಡಾಶಯದಿಂದಲೇ ಶುರುವಾಗುತ್ತದೆ ಎಂದು ವೈದ್ಯರೂ ಬಹುಕಾಲ ನಂಬಿದ್ದರು.

ಸಿಎ-125 35 ದಾಟಿದ ಕೂಡಲೇ ಲ್ಯಾಬ್‌ನವರು ದಪ್ಪಕ್ಷರದಲ್ಲಿ ಮುದ್ರಿಸುತ್ತಾರೆ, ಮನೆಯಲ್ಲಿ ಅಳು ಶುರು. ಹೊಟ್ಟೆಯ ಟಿಬಿಯಲ್ಲೂ, ಗರ್ಭಕೋಶದ ಒಳಪದರದಂಥ ಅಂಗಾಂಶ ಹೊರಗೆ ಬೆಳೆಯುವ ಎಂಡೊಮೆಟ್ರಿಯೋಸಿಸ್‌ನಲ್ಲೂ ಅದು ಏರುತ್ತದೆ. ನಾವು ಅದನ್ನು ಸಿಇಎಯಿಂದ ಭಾಗಿಸಿ ನೋಡುತ್ತೇವೆ. 25ಕ್ಕಿಂತ ಜಾಸ್ತಿ ಬಂದರೆ ಅಂಡಾಶಯದ ಕಡೆ ವಾಲುತ್ತೇವೆ. ನಿಮ್ಮ ಅಮ್ಮನದು 2.4. ಹಾಗಾಗಿ ಜಠರ, ಕರುಳು, ಅಪೆಂಡಿಕ್ಸ್‌ನಲ್ಲಿ ಮೂಲ ಹುಡುಕಲೇಬೇಕು.

ಕೊಲೊನೋಸ್ಕೋಪಿ ನಾರ್ಮಲ್ ಬಂದರೆ ನಿರಾಳವಾಗಬೇಡಿ. ಕ್ಯಾಮೆರಾಕ್ಕೆ ಅಪೆಂಡಿಕ್ಸ್‌ನ ಬಾಯಿ ಮಾತ್ರ ಕಾಣುತ್ತದೆ, ಒಳಗಡೆ ಕಾಣುವುದಿಲ್ಲ. ಸಿಟಿಯಲ್ಲಿ ಅಪೆಂಡಿಕ್ಸ್ ಊದಿದೆಯಾ, ಲಿವರ್‌ನ ಅಂಚು ಒತ್ತಿ ತಗ್ಗಾಗಿದೆಯಾ ಎಂದು ಕೇಳಿ. ಕೊನೆಗೆ ತೀರ್ಮಾನ ಬಯಾಪ್ಸಿಯದು. ಗೆಡ್ಡೆಯ ತುಣುಕಿಗೆ ಬಣ್ಣ ಹಾಕಿ ಜೀವಕೋಶಗಳ ಪ್ರೋಟೀನ್ ಗುರುತಿಸುವ ಐಎಚ್‌ಸಿ ಪರೀಕ್ಷೆಯಲ್ಲಿ ಸಿಕೆ20, ಸಿಡಿಎಕ್ಸ್2 ಪಾಸಿಟಿವ್ ಬಂದು ಪ್ಯಾಕ್ಸ್8 ನೆಗೆಟಿವ್ ಇದ್ದರೆ ಮೂಲ ಸಾಮಾನ್ಯವಾಗಿ ಕರುಳು ಅಥವಾ ಅಪೆಂಡಿಕ್ಸ್.

ಇಷ್ಟೆಲ್ಲ ಯಾಕೆಂದರೆ ಆಪರೇಷನ್ನೇ ಬೇರೆ. ಬರೀ ಅಂಡಾಶಯ ತೆಗೆದರೆ ಲೋಳೆ ಮತ್ತೆ ತುಂಬುತ್ತದೆ. ಅಪೆಂಡಿಕ್ಸ್ ಜೊತೆ ಲೋಳೆ ಹಿಡಿದ ಪೊರೆಗಳನ್ನೂ ತೆಗೆದು, ಎಷ್ಟೋ ಸಲ ಬಿಸಿ ಕೀಮೋ ದ್ರವವನ್ನು ಹೊಟ್ಟೆಯೊಳಗೇ ಹರಿಸುತ್ತಾರೆ. ಅದಕ್ಕೆ ಹೈಪೆಕ್ ಎಂದು ಹೆಸರು. ಇದು ಎಲ್ಲ ಆಸ್ಪತ್ರೆಯಲ್ಲೂ ಆಗುವ ಕೆಲಸವಲ್ಲ. ಅನುಭವವಿರುವ ಕ್ಯಾನ್ಸರ್ ಸರ್ಜನ್ ಹತ್ತಿರ ಹೋಗಿ. ಹೋಗುವಾಗ ರಿಪೋರ್ಟ್ ಜೊತೆ ಬಯಾಪ್ಸಿಯ ಸ್ಲೈಡ್, ತುಣುಕನ್ನು ಹುದುಗಿಸಿಟ್ಟ ಮೇಣದ ಬ್ಲಾಕ್‌ಗಳನ್ನೂ ಲ್ಯಾಬ್‌ನಿಂದ ಕೇಳಿ ಪಡೆದುಕೊಳ್ಳಿ.