ಮೂರು ತಿಂಗಳು ಎಂದರೆ ಯಾವತ್ತಿನಿಂದ? ನೋಟಿಸ್ ಪೀರಿಯಡ್‌ನ ಒಂದು ಆಪ್ತಸಲಹೆ ಪ್ರಕರಣ

(ಗುರುತು ಸಿಗದಂತೆ ವಿವರಗಳನ್ನು ಬದಲಿಸಲಾಗಿದೆ.)

ಲೆಕ್ಕಪತ್ರ ವಿಭಾಗದಲ್ಲಿ ಆರು ವರ್ಷ ದುಡಿದ 34ರ ಮಹಿಳೆ. ಮೂರು ವಾರದಿಂದ ಸರಿಯಾಗಿ ನಿದ್ದೆಯಿಲ್ಲ, ಆಫೀಸಿನ ಕರೆ ಬಂದರೆ ಎದೆ ಡವಡವ. ಮಾರ್ಚ್ 3ರಂದು ಮ್ಯಾನೇಜರ್ ಬಳಿ ಹೋಗಿ ಕೆಲಸ ಬಿಡುತ್ತೇನೆ ಎಂದಿದ್ದರು. "ನೀವೇ ಹೀಗೆ ನಡುನೀರಲ್ಲಿ ಕೈಬಿಟ್ಟರೆ ಹೇಗಮ್ಮ?" ಎಂಬ ಮಾತು ಬಂತು. ಆ ಸಂಕೋಚದಲ್ಲೇ ದಿನ ತಳ್ಳಿ, ರಾಜೀನಾಮೆಯ ಇಮೇಲ್ ಕಳಿಸಿದ್ದು ಮಾರ್ಚ್ 20ಕ್ಕೆ. ಹೊಸ ಕಡೆ ಜೂನ್ 2ಕ್ಕೆ ಸೇರುತ್ತೇನೆ ಎಂದು ಅಷ್ಟರಲ್ಲಾಗಲೇ ಸಹಿ ಹಾಕಿದ್ದರು. ಎಚ್‌ಆರ್ ಉತ್ತರ: ನೋಟಿಸ್ ಪೀರಿಯಡ್ (ರಾಜೀನಾಮೆ ಕೊಟ್ಟ ಮೇಲೂ ದುಡಿಯಬೇಕಾದ ಅವಧಿ) 17 ದಿನ ಕಡಿಮೆ ಬೀಳುತ್ತದೆ, ಅಷ್ಟು ದಿನದ ಪೂರ್ತಿ ಸಂಬಳ ಕಟ್ಟಿ.

ಮೊದಲ ಭೇಟಿಯಲ್ಲಿ ಅವರು ಹೆಚ್ಚು ಹೇಳಿದ್ದು ದ್ರೋಹ ಮಾಡಿದೆನೇನೋ ಎಂಬ ಅಳುಕನ್ನು. ಅದನ್ನು ಕೇಳಿಸಿಕೊಂಡ ಮೇಲೆ, ಅಳುಕು ಒಂದು ಹಾಳೆಗೆ, ತಾರೀಖು ಇನ್ನೊಂದು ಹಾಳೆಗೆ ಎಂದು ಬೇರ್ಪಡಿಸಲಾಯಿತು. ಎರಡೂ ಬೆರೆತಾಗ ಲೆಕ್ಕದ ತಪ್ಪೂ ಪಾಪದಂತೆ ಕಾಣುತ್ತದೆ.

ಅವರ ಒಪ್ಪಂದದಲ್ಲಿ ಇದ್ದದ್ದು "ಲಿಖಿತ ಸೂಚನೆ ನೀಡಿದ ಮರುದಿನದಿಂದ 90 ದಿನ". ಬಾಯಿಮಾತು ಲೆಕ್ಕಕ್ಕಿಲ್ಲ. ಮಾರ್ಚ್ 3ರಿಂದಾಗಿದ್ದರೆ ಕೊನೆಯ ದಿನ ಜೂನ್ 1. ಮಾರ್ಚ್ 20ರಿಂದ ಎಣಿಸಿದರೆ ಜೂನ್ 18. ಆ 17 ದಿನ ಹುಟ್ಟಿದ್ದು ಇಲ್ಲಿ. (90 ದಿನವೂ ಮೂರು ತಿಂಗಳೂ ಒಂದೇ ಅಲ್ಲ, ಕ್ಯಾಲೆಂಡರ್ ತಿಂಗಳು ಎಂದಿದ್ದರೆ ಜೂನ್ 20ರ ಆಸುಪಾಸು ಬರುತ್ತಿತ್ತು.)

ಮುಂದೆ ಒಪ್ಪಂದದಲ್ಲಿ ಎರಡು ಸಾಲು ಹುಡುಕಲು ಹೇಳಲಾಯಿತು. ಉಳಿದ ರಜೆಯನ್ನು ನೋಟಿಸ್‌ಗೆ ವಜಾ ಮಾಡಿಕೊಳ್ಳಬಹುದೇ, ಅಂದರೆ ಅಷ್ಟು ದಿನ ಅದರಿಂದ ಕಳೆಯಬಹುದೇ? ಬೈಔಟ್ (ಕಡಿಮೆ ಬಿದ್ದ ನೋಟಿಸ್ ದಿನಗಳಿಗೆ ಬದಲಾಗಿ ಕಟ್ಟುವ ಹಣ) ಮೊತ್ತ ಮೂಲ ವೇತನದ ಮೇಲೋ, ಒಟ್ಟು ಸಂಬಳದ ಮೇಲೋ? ರಜೆ 11 ದಿನ ಉಳಿದಿತ್ತು, ಕಂಪನಿ ಒಪ್ಪಿದರೆ ವಜಾ ಆಗುತ್ತಿತ್ತು. ನೋಟಿಸ್ ನಡೆಯುವಾಗ ರಜೆ ಹಾಕುವುದು ಬೇರೆ ವಿಷಯ. ಕೆಲವು ಒಪ್ಪಂದಗಳಲ್ಲಿ ಅದರಿಂದ ಕೊನೆಯ ದಿನ ಮುಂದಕ್ಕೆ ಹೋಗುತ್ತದೆ. ಬೈಔಟ್‌ಗೆ ಒಪ್ಪಂದದಲ್ಲಿದ್ದ ಪದ "ಮೂಲ ವೇತನ". ತಿಂಗಳ ಒಟ್ಟು ಸಂಬಳ 100 ಎಂದಿಟ್ಟರೆ ಅವರ ಮೂಲ ವೇತನ 40. ಎಚ್‌ಆರ್ ಕೇಳಿದ್ದು 17 ದಿನಕ್ಕೆ ಸುಮಾರು 57; ರಜೆ ಕಳೆದು ಉಳಿದ 6 ದಿನಕ್ಕೆ, ಮೂಲ ವೇತನದಂತೆ, ಕೊಡಬೇಕಾದದ್ದು 8. ಎಚ್‌ಆರ್ ಮೋಸ ಮಾಡಿತು ಅನ್ನಲಾಗದು. ಇಂಥ ಪತ್ರಗಳು ಬಹುಪಾಲು ಹಳೆಯ ನಮೂನೆಯ ನಕಲು, ಒಪ್ಪಂದ ತೆರೆದು ನೋಡಿ ಬರೆದವಲ್ಲ.

"ನಾಳೆಯಿಂದ ಬರಬೇಡಿ ಅಂದುಬಿಟ್ಟರೆ?" ಎಂಬುದು ಇನ್ನೊಂದು ಭಯ. ನೋಟಿಸ್ ಮಾಲೀಕರನ್ನೂ ಕಟ್ಟುತ್ತದೆ ಎಂಬುದು ಅವರಿಗೆ ಹೊಳೆದಿರಲಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1982ರ 158ನೇ ಒಡಂಬಡಿಕೆ, ಗಂಭೀರ ದುರ್ನಡತೆ ಬಿಟ್ಟರೆ, ಕೆಲಸದಿಂದ ತೆಗೆಯಲಾಗುವವರಿಗೆ ಸಮಂಜಸ ನೋಟಿಸ್ ಅಥವಾ ಬದಲಿಗೆ ಪರಿಹಾರ ಕೊಡಬೇಕು ಎನ್ನುತ್ತದೆ. ಆದರೆ ಅದನ್ನು ಅನುಮೋದಿಸದ ದೇಶಗಳೇ ಹೆಚ್ಚು. ಬ್ರಿಟನ್‌ನಲ್ಲಿ ಒಂದು ತಿಂಗಳು ದುಡಿದ ನೌಕರ ಕೊಡಬೇಕಾದ ಕಾನೂನಿನ ಕನಿಷ್ಠ ಒಂದು ವಾರ. ಎರಡು ವರ್ಷ ದಾಟಿದವರನ್ನು ತೆಗೆಯುವ ಮಾಲೀಕ ವರ್ಷಕ್ಕೊಂದು ವಾರದಂತೆ 12 ವಾರದವರೆಗೆ ಕೊಡಬೇಕು. ಅಮೆರಿಕದಲ್ಲಿ ಒಬ್ಬೊಬ್ಬರನ್ನು ತೆಗೆಯುವಾಗ ನೋಟಿಸ್ ಕೊಡಬೇಕೆಂಬ ಕೇಂದ್ರ ಕಾನೂನೇ ಇಲ್ಲ. ಹಾಗಾಗಿ ನಿಮ್ಮಲ್ಲಿನ ಕಾನೂನಿನ ಕನಿಷ್ಠ ನೋಡಿ, ಆಮೇಲೆ ಒಪ್ಪಂದ ಓದಿ, ಪರಿಚಯದವರ ಮಾತು ಕೊನೆಗೆ ಎಂದು ತಿಳಿಸಲಾಯಿತು.

ಇಮೇಲ್ ಹೀಗಿರಲಿ ಎಂದು ಸೂಚಿಸಲಾಯಿತು: "ಮಾರ್ಚ್ 20ರ ನನ್ನ ರಾಜೀನಾಮೆಯಂತೆ ಕೊನೆಯ ದಿನ ಜೂನ್ 18. ಉಳಿದ 11 ದಿನ ರಜೆಯನ್ನು ನೋಟಿಸ್ ದಿನಗಳಿಂದ ಕಳೆದು ಜೂನ್ 7ಕ್ಕೆ ಬಿಡುಗಡೆ ಕೋರುತ್ತೇನೆ. ಹ್ಯಾಂಡೋವರ್ ಪಟ್ಟಿ ಲಗತ್ತಿಸಿದ್ದೇನೆ. ಒಪ್ಪಿಗೆಯನ್ನು ಲಿಖಿತವಾಗಿ ತಿಳಿಸಿ." ಕ್ಷಮೆ ಬೇಡ, ಕಾರಣ ಬೇಡ; ಕಾರಣ ಬರೆದರೆ ಚರ್ಚೆ ಅದರ ಮೇಲೆಯೇ ನಡೆಯುತ್ತದೆ. ಇದರ ಒಂದು ಪ್ರತಿ ಸ್ವಂತ ಇಮೇಲ್‌ಗೂ ಹೋಗಲಿ, ಏಕೆಂದರೆ ಆಫೀಸಿನ ಖಾತೆ ಯಾವ ದಿನವೂ ಮುಚ್ಚಬಹುದು.

ಎಂಟು ದಿನದ ನಂತರ ಬಂದಾಗ ರಜೆಗೆ ಒಪ್ಪಿಗೆ ಸಿಕ್ಕಿತ್ತು. ಉಳಿದ 6 ದಿನಕ್ಕೆ ದುಡ್ಡು ಕಟ್ಟಲು ಸಿದ್ಧರಾಗಿದ್ದರು. ಹೊಸ ಆಫೀಸನ್ನು ಆರು ದಿನ ತಡವಾಗಿ ಸೇರಲು ಕೇಳಿದಿರಾ ಎಂದಾಗ ಸುಮ್ಮನಾದರು; ಕೇಳಿದರೆ ಆಫರ್ ಹೋದೀತೆಂಬ ಅಂಜಿಕೆ. ಅಲ್ಲೇ ಕೂತು ಎರಡು ಸಾಲು ಬರೆದರು. ಸಂಜೆಯೊಳಗೆ "ಜೂನ್ 8ಕ್ಕೆ ಬನ್ನಿ" ಎಂಬ ಉತ್ತರ ಬಂತು. ಮ್ಯಾನೇಜರ್ ಎದುರು ಹೋಗುವಾಗಿನ ಎದೆಬಡಿತ ಇನ್ನೂ ಇದೆ. ಅದಕ್ಕೆ ಮತ್ತೆರಡು ಭೇಟಿ ನಿಗದಿಯಾಗಿವೆ.