ಅಮ್ಮನ ಮುಖ ಹಪ್ಪಳದ ಪ್ಯಾಕೆಟ್ ಮೇಲೆ

ಪ್ರಶ್ನೆ: ಮೇಡಂ ನಮಸ್ಕಾರ, ನಾವು ಬದಿಯಡ್ಕದ ಹತ್ರದವ್ರು. ಹೋದ ವರ್ಷ ಹಲಸಿನ ಸೀಸನಲ್ಲಿ ಇಬ್ರು ಹುಡುಗ್ರು ಬಂದು ಊರಿನ ಅಡುಗೆ ಬಗ್ಗೆ ವಿಡಿಯೋ ಮಾಡ್ತೇವೆ ಅಂದ್ರು, ಅಮ್ಮ ಅಂಗಳದಲ್ಲಿ ಚಾಪೆ ಹಾಸಿ ಹಪ್ಪಳ ಒಣಗಿಸ್ತಾ ಇದ್ದದ್ದನ್ನ ತೆಗ್ದುಕೊಂಡು ಹೋದ್ರು. ಈಗ ಬೆಂಗಳೂರಿನ ಒಂದು ಕಂಪನಿಯ ಹಪ್ಪಳದ ಪ್ಯಾಕೆಟಲ್ಲಿ ಅಮ್ಮನ ಮುಖ, ಅದೇ ಮೂಗುಬೊಟ್ಟು, ಹಿಂದೆ ನಮ್ಮ ಬಾವಿಕಟ್ಟೆ ಕೂಡ ಕಾಣ್ತದೆ. ನೆಂಟ್ರು ಫೋನ್ ಮಾಡಿ ನಿಮ್ಮ ಹಪ್ಪಳ ಎಣ್ಣೆಗೆ ಹಾಕಿದ ಕೂಡ್ಲೇ ಕಪ್ಪಾಗ್ತದಲ್ಲ ಅಂತಾರೆ, ಅಮ್ಮ ಅತ್ತೇ ಬಿಟ್ರು. ಕೇಳಿದ್ದಕ್ಕೆ ಕಂಪನಿಯವ್ರು 5,000 ರೂಪಾಯಿ ಕೊಡ್ತೇವೆ ಸಹಿ ಹಾಕಿ ಅಂತ ಇಂಗ್ಲಿಷಲ್ಲಿ ಒಂದು ಪೇಪರ್ ವಾಟ್ಸಾಪ್ ಮಾಡಿದ್ದಾರೆ, ತಾರೀಕಿನ ಜಾಗ ಖಾಲಿ ಉಂಟು. ಕೇಳ್ದೆ ನಮ್ಮ ಮುಖ ಬಳಸ್ಬೇಡಿ ಅನ್ನೋ ಹಕ್ಕೆಲ್ಲ ಫಿಲ್ಮ್ ಸ್ಟಾರ್‌ಗಳಿಗೆ ಮಾತ್ರವಾ?

ಉತ್ತರ: ಖಂಡಿತ ಅಲ್ಲ. ಅಮ್ಮ ಇಷ್ಟು ವರ್ಷ ಕೈಯಾರೆ ಗಳಿಸಿದ ಹೆಸ್ರನ್ನ ಯಾರದ್ದೋ ಕೆಟ್ಟ ಮಾಲಿಗೆ ಅಂಟಿಸಿದ್ದಾರಲ್ಲ, ನಂಗೆ ಅದೇ ಜಾಸ್ತಿ ಸಿಟ್ಟು ಬರ್ಸಿದ್ದು.

ಇದಕ್ಕೇ ಅಂತ ಪ್ರತ್ಯೇಕ ಕಾಯ್ದೆ ನಮ್ಮಲ್ಲಿಲ್ಲ, ಕೋರ್ಟುಗಳು ತೀರ್ಪು ಕೊಡ್ತಾ ಕೊಡ್ತಾ ಬೆಳೆಸಿದ ಹಕ್ಕು. 1994ರಲ್ಲಿ ರಾಜಗೋಪಾಲ್ ಕೇಸಲ್ಲಿ ಸುಪ್ರೀಂ ಕೋರ್ಟ್, ಒಬ್ಬರ ಹೆಸ್ರು ಅಥ್ವಾ ಚಿತ್ರವನ್ನ ಒಪ್ಪಿಗೆ ಇಲ್ದೆ ಜಾಹೀರಾತಿಗೆ ಬಳಸೋದು ಖಾಸಗಿತನಕ್ಕೆ ಧಕ್ಕೆ ಅಂತ ಹೇಳ್ತು. 2017ರಲ್ಲಿ 9 ಜಡ್ಜ್‌ಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ್ಲೇ ತೀರ್ಮಾನಿಸ್ತು, ಆ ಕೇಸ್ ಹಾಕಿದ ಪುಟ್ಟಸ್ವಾಮಿಯವ್ರು ಕರ್ನಾಟಕ ಹೈಕೋರ್ಟಲ್ಲೇ ಜಡ್ಜ್ ಆಗಿದ್ದವ್ರು. ರಜನಿಕಾಂತ್ ಕೇಸಲ್ಲಿ 2015ರಲ್ಲಿ ಮದ್ರಾಸ್ ಹೈಕೋರ್ಟ್ ನೋಡಿದ್ದು, ಇದು ಇಂಥವ್ರೇ ಅಂತ ಜನಕ್ಕೆ ಗುರುತು ಸಿಗ್ತದಾ ಅನ್ನೋದನ್ನ. ನಿಮ್ಮ ನೆಂಟ್ರಿಗಂತೂ ಸಿಕ್ಕಿದೆ. ಒಂದು ಮಾತು ನೇರ ಹೇಳ್ತೇನೆ, ಸ್ಟಾರ್‌ಗಳ ಖ್ಯಾತಿಗೆ ಮಾರ್ಕೆಟಲ್ಲಿ ಬೆಲೆ ಉಂಟು, ಹಾಗಾಗಿ ಪರಿಹಾರದ ಮೊತ್ತ ಅವ್ರಷ್ಟು ಸಿಗ್ಲಿಕ್ಕಿಲ್ಲ, ಆದ್ರೆ ನನ್ನ ಮುಖ ತೆಗೀರಿ ಅನ್ನೋ ಹಕ್ಕು ಅಮ್ಮನಿಗೂ ಅಷ್ಟೇ ಗಟ್ಟಿ.

ಫೋಟೋದ ಕಾಪಿರೈಟ್ ನಮ್ದು ಅಂತ ಅವ್ರು ಹೇಳ್ಬಹುದು. ಇರ್ಲಿ ಬಿಡಿ, ಅದ್ರಿಂದ ಅಮ್ಮನ ಮುಖ ತೋರ್ಸಿ ಮಾಲು ಮಾರೋ ಹಕ್ಕು ಬರೋದಿಲ್ಲ, ಅಮ್ಮ ಹ್ಞೂಂ ಅಂದದ್ದು ಅಡುಗೆ ವಿಡಿಯೋಗೆ.

ಈಗ್ಲೇ ಪೇಟೆಗೆ ಹೋಗಿ ಬಿಲ್ ಸಮೇತ ಎರಡು ಪ್ಯಾಕೆಟ್ ತಗೊಳ್ಳಿ, ಒಡೀಬೇಡಿ. ತಯಾರಕರ ವಿಳಾಸ, ಫುಡ್ ಲೈಸೆನ್ಸ್ ನಂಬರ್ ಅದ್ರಲ್ಲೇ ಇರ್ತದೆ, ನೋಟೀಸ್ ಕಳ್ಸ್ಲಿಕ್ಕೆ ಅದು ಬೇಕು. ಹಳೇ ವಿಡಿಯೋದ ಲಿಂಕ್ ಕೂಡ ಇಟ್ಕೊಳ್ಳಿ. ಕಂಪನಿ ತಲಪಾಡಿ ಗಡಿಯಾಚೆ ಕರ್ನಾಟಕದಲ್ಲಿ ಇದ್ರೂ ಪ್ಯಾಕೆಟ್ ಇಲ್ಲಿ ಕಾಸರಗೋಡಲ್ಲಿ ಮಾರಾಟ ಆಗಿದ್ರೆ ಇಲ್ಲಿನ ಕೋರ್ಟಲ್ಲೇ ದಾವೆ ಹಾಕಿ ತಡೆಯಾಜ್ಞೆ ಕೇಳ್ಬಹುದು, ಬೆಂಗ್ಳೂರಿಗೆ ಅಲೀಬೇಕಾಗಿಲ್ಲ. ವಕೀಲರ ಫೀಸಿನ ಚಿಂತೆ ಇದ್ರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, 1987ರ ಕಾಯ್ದೆ ಪ್ರಕಾರ ಹೆಂಗಸ್ರಿಗೆ ಆದಾಯ ಎಷ್ಟಿದ್ರೂ ಉಚಿತ ಕಾನೂನು ನೆರವು ಉಂಟು.

ಆ ಪೇಪರಿಗೆ ಮಾತ್ರ ಸಹಿ ಹಾಕ್ಬೇಡಿ. ಖಾಲಿ ಜಾಗದಲ್ಲಿ ಹಳೇ ತಾರೀಕು ಬರೆದ್ರೆ ಅಮ್ಮ ಮೊದ್ಲೇ ಒಪ್ಪಿದ್ರು ಅಂತಾಗ್ತದೆ. ಮೆಸೇಜ್ ಡಿಲೀಟ್ ಮಾಡ್ಬೇಡಿ, ಒಪ್ಪಿಗೆ ಇಲ್ಲದೆ ಹಾಕಿದ್ದಕ್ಕೆ ಅದೇ ಒಳ್ಳೇ ಸಾಕ್ಷಿ. ರಾಜಿ ಆಗೋದಾದ್ರೂ ಎಷ್ಟು ಪ್ಯಾಕೆಟ್ ಮಾರಿದ್ದಾರೆ, ಉಳ್ದದ್ದನ್ನ ಯಾವತ್ತಿನೊಳಗೆ ವಾಪಸ್ ತಗೋತಾರೆ ಅಂತ ಕನ್ನಡದಲ್ಲಿ ಬರೆಸಿ, ಅಮ್ಮನಿಗೆ ಓದಿ ಹೇಳಿ, ಆಮೇಲೆ ಸಹಿ.